ಸಿಡ್ನಿ ಲ್ಯುಮೆಟ್ ಚಿತ್ರಗಳನ್ನು ನೋಡುವ ಕ್ರಮ

ಅಮೆರಿಕದ ಹಿರಿಯ ನಿರ್ದೇಶಕ ಸಿಡ್ನಿ ಲ್ಯುಮೆಟ್ ಅವರ ಚಿತ್ರಗಳನ್ನು ಆಸ್ವಾದಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಅವರನ್ನು ಗುರುತಿಸಲು ಕೈಗೆ ಸಿಗುವಂಥ ಒಂದು ಮುದ್ರೆಯೂ ಇಲ್ಲದಿರುವುದು. ಹಿಚ್‌ಕಾಕ್ ಅವರದಾದರೆ ಹತ್ತು ನಿಮಿಷ ನೋಡುವಷ್ಟರಲ್ಲಿ ಇದು ಇಂಥವರ ಚಿತ್ರವೆಂದು ಹೇಳಿಬಿಡಬಹುದು. ಐವತ್ತು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದ ಲ್ಯುಮೆಟ್ ಅವರ ವಿಷಯದಲ್ಲಿ ಅದು ಸುಲಭವಲ್ಲ. ವಸ್ತು ಬದಲಾದಂತೆ ಅವರ ಚಿತ್ರದ ಮೈಕಟ್ಟೇ ಬದಲಾಗುತ್ತದೆ. ನಿರ್ದೇಶಕನ ವೈಯಕ್ತಿಕ ಛಾಪನ್ನೇ ಅಳತೆಗೋಲಾಗಿ ಹಿಡಿದ ವಿಮರ್ಶಕ ಆ್ಯಂಡ್ರ್ಯೂ ಸ್ಯಾರಿಸ್, 1968ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ವಿಂಗಡಣೆಯಲ್ಲಿ, ಲ್ಯುಮೆಟ್ ಅವರನ್ನು ಗಾಂಭೀರ್ಯಕ್ಕಾಗಿ ಹೆಣಗುವವರ ಸಾಲಿನಲ್ಲಿ ಕೂರಿಸಿದರು. ಆ ತೀರ್ಪನ್ನು ಒಪ್ಪಬೇಕಾಗಿಲ್ಲ. ಆದರೆ ಅದರ ಹಿಂದಿರುವ ತೊಡಕು ನಿಜವಾದದ್ದು, ಅದನ್ನು ದಾಟುವ ದಾರಿಯನ್ನು ನೋಡುಗರು ತಾವೇ ರೂಢಿಸಿಕೊಳ್ಳಬೇಕಾಗುತ್ತದೆ.

ಆ ದಾರಿಯ ಸುಳಿವನ್ನು ಲ್ಯುಮೆಟ್ ಅವರೇ 1995ರಲ್ಲಿ ಪ್ರಕಟವಾದ ತಮ್ಮ 'ಮೇಕಿಂಗ್ ಮೂವೀಸ್' ಪುಸ್ತಕದಲ್ಲಿ ಕೊಟ್ಟಿದ್ದಾರೆ. ಚಿತ್ರಕಥೆ ಕೈಗೆ ಬಂದಾಗ ಅವರು ಕೇಳಿಕೊಳ್ಳುತ್ತಿದ್ದ ಮೊದಲ ಪ್ರಶ್ನೆ, ಈ ಚಿತ್ರ ಯಾವುದರ ಕುರಿತು ಎಂಬುದು. ಕಥೆ ಏನು ಎಂಬುದು ಬೇರೆ, ಚಿತ್ರ ಯಾವುದರ ಕುರಿತು ಎಂಬುದು ಬೇರೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಲೆನ್ಸು, ಬೆಳಕು, ಬಣ್ಣ, ಉಡುಪು, ಸದ್ದು, ಸಂಕಲನ ಎಲ್ಲವೂ ಅದಕ್ಕೆ ತಕ್ಕಂತೆ ನಿಶ್ಚಯವಾಗುತ್ತಿದ್ದವು. ನೋಡುಗರು ಇದೇ ಹಾದಿಯಲ್ಲಿ ಹಿಮ್ಮುಖವಾಗಿ ನಡೆಯಬೇಕು. ಮೊದಲ ಸಲ ಚಿತ್ರವನ್ನು ಕಥೆಗಾಗಿಯೇ ನೋಡಿ, ಮುಗಿದ ಮೇಲೆ ಅದು ಯಾವುದರ ಕುರಿತು ಎಂದು ಒಂದೇ ವಾಕ್ಯದಲ್ಲಿ ಬರೆದಿಡಿ. ಎರಡನೆಯ ಸಲ ನೋಡುವಾಗ ಕ್ಯಾಮೆರಾ ಆ ವಾಕ್ಯಕ್ಕಾಗಿ ಏನು ಮಾಡುತ್ತಿದೆ ಎಂದು ಗಮನಿಸಿ. ಎರಡು ಸಲ ನೋಡುವಷ್ಟು ಬಿಡುವಿಲ್ಲದಿದ್ದರೆ ಲ್ಯುಮೆಟ್ ಅವರ ಹತ್ತು ಚಿತ್ರಗಳ ಬದಲು ಐದನ್ನೇ ಎರಡೆರಡು ಸಲ ನೋಡುವುದು ಮೇಲು.

ಅವರ ಜೀವನದ ಬಗ್ಗೆ ಮೊದಲೇ ತಿಳಿದಿರಬೇಕಾದದ್ದು ಹೆಚ್ಚೇನಿಲ್ಲ. 1924ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅವರು ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ತಂದೆ ಬರೂಖ್ ಲ್ಯುಮೆಟ್ ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ರಂಗಭೂಮಿಯ ನಟರಾಗಿದ್ದರು, ಮಗನೂ ಎಳವೆಯಲ್ಲೇ ರಂಗಕ್ಕೆ ಬಂದು ಬ್ರಾಡ್‌ವೇಯಲ್ಲಿ ಬಾಲನಟನಾದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ರೇಡಾರ್ ದುರಸ್ತಿಗಾರರಾಗಿ ಭಾರತ ಮತ್ತು ಬರ್ಮಾಗಳಲ್ಲಿ ಕೆಲಸ ಮಾಡಿದರು. 1950ರಿಂದ ಸಿಬಿಎಸ್ ಟೆಲಿವಿಷನ್‌ನಲ್ಲಿ ನೇರ ಪ್ರಸಾರದ ನಾಟಕಗಳನ್ನು ನಿರ್ದೇಶಿಸಿದರು. ಈ ಹಿನ್ನೆಲೆಯಿಂದ ಅವರಿಗೆ ಎರಡು ಗುಣಗಳು ದಕ್ಕಿದವು: ನಟರ ಮೇಲಿನ ನಂಬಿಕೆ ಮತ್ತು ಕೆಲಸದ ವೇಗ. ಚಿತ್ರೀಕರಣಕ್ಕೆ ಮುಂಚೆ ಸಾಮಾನ್ಯವಾಗಿ ಎರಡು ವಾರ ತಾಲೀಮು ನಡೆಸುತ್ತಿದ್ದರು; ಸೆಟ್ಟಿನ ಅಳತೆಯನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ, ನಾಟಕದಂತೆ ಇಡೀ ಚಿತ್ರವನ್ನು ಆಡಿಸುತ್ತಿದ್ದರು. ಚಿತ್ರೀಕರಣ ಆರಂಭವಾದ ಮೇಲೆ ಕೆಲವೇ ಟೇಕುಗಳಲ್ಲಿ ಮುಗಿಸಿಬಿಡುತ್ತಿದ್ದರು.

ಆರಂಭಿಸಬೇಕಾದದ್ದು 1957ರ '12 ಆ್ಯಂಗ್ರಿ ಮೆನ್' ಚಿತ್ರದಿಂದಲೇ. ಇದು ಅವರ ಮೊದಲ ಚಿತ್ರ, ಅವರ ವಿಧಾನವನ್ನು ಅತ್ಯಂತ ಸ್ಪಷ್ಟವಾಗಿ ಕಲಿಸುವ ಚಿತ್ರವೂ ಹೌದು. ಸಾಮಾನ್ಯ ನಾಗರಿಕರೇ ಕೂತು ತೀರ್ಪು ಕೊಡುವ ಜ್ಯೂರಿ ಪದ್ಧತಿ ನಮ್ಮ ನ್ಯಾಯಾಲಯಗಳಲ್ಲಿ ಈಗ ಇಲ್ಲದಿರುವುದರಿಂದ ಒಂದು ಸಂಗತಿಯನ್ನು ಮೊದಲೇ ತಿಳಿದುಕೊಳ್ಳಬೇಕು: ಕೊಲೆಯ ಆರೋಪ ಹೊತ್ತ ಹುಡುಗನೊಬ್ಬನನ್ನು ಅಪರಾಧಿ ಎನ್ನಲು ಹನ್ನೆರಡು ಜನರೂ ಒಮ್ಮತಕ್ಕೆ ಬರಬೇಕು, ನಿರಪರಾಧಿ ಎನ್ನಲೂ ಒಮ್ಮತ ಬೇಕು. ಮೊದಲ ಮತದಾನದಲ್ಲಿ ಹನ್ನೊಂದು ಜನ ಒಂದು ಕಡೆ, ಹೆನ್ರಿ ಫೋಂಡಾ ಅಭಿನಯಿಸಿದ ಪಾತ್ರ ಒಂದೇ ಇನ್ನೊಂದು ಕಡೆ. ರೆಜಿನಾಲ್ಡ್ ರೋಸ್ ಅವರು 1954ರಲ್ಲಿ ಟೆಲಿವಿಷನ್‌ಗಾಗಿ ಬರೆದ ನಾಟಕವೇ ಇದರ ಮೂಲ. ಮುಂದೆ ಹಿಂದಿಯಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' ಆಗಿ, 2012ರಲ್ಲಿ ಕನ್ನಡದಲ್ಲಿ ರವಿಚಂದ್ರನ್, ಅನಂತನಾಗ್ ಅಭಿನಯದ 'ದಶಮುಖ' ಆಗಿ ಬಂದದ್ದೂ ಇದೇ ಕಥೆ. ಹೀಗಾಗಿ ಕಥೆ ಗೊತ್ತಿರುವ ಕನ್ನಡ ಪ್ರೇಕ್ಷಕರು ನೇರವಾಗಿ ಕ್ಯಾಮೆರಾ ಕಡೆಗೇ ಕಣ್ಣು ಹಾಯಿಸಬಹುದು.

ಬಹುತೇಕ ಚಿತ್ರ ನಡೆಯುವುದು ಒಂದೇ ಕೋಣೆಯಲ್ಲಿ. ಇಂಥ ಕಡೆ ಸಾಮಾನ್ಯ ನಿರ್ದೇಶಕರಾದರೆ ಹೊರಗಿನ ದೃಶ್ಯಗಳನ್ನೋ ಹಿಂದಿನ ಘಟನೆಗಳನ್ನೋ ತಂದು ಕೋಣೆಯ ಇಕ್ಕಟ್ಟನ್ನು ಮರೆಸಲು ನೋಡುತ್ತಿದ್ದರು. ಲ್ಯುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಇಕ್ಕಟ್ಟನ್ನೇ ಹೆಚ್ಚಿಸುತ್ತ ಹೋದರು. ಚಿತ್ರದ ಮೊದಲ ಮೂರನೆಯ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ, ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗಿಳಿಯುತ್ತದೆ. ಜೊತೆಗೆ ಲೆನ್ಸಿನ ನಾಭಿದೂರ, ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರುವ ಗುಣ, ಹಂತಹಂತವಾಗಿ ಹೆಚ್ಚುವುದರಿಂದ ಹಿಂದಿನ ಗೋಡೆ ಪಾತ್ರಗಳ ಬೆನ್ನಿಗೇ ಬಂದು ನಿಂತಂತೆ ತೋರುತ್ತದೆ. ಕೊನೆಕೊನೆಗೆ, ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದ ಚಾವಣಿಯೂ ಚೌಕಟ್ಟಿನೊಳಗೆ ಬರುತ್ತದೆ. ಎಲ್ಲ ಮುಗಿದು ನ್ಯಾಯಾಲಯದ ಹೊರಗಿನ ಮೆಟ್ಟಿಲುಗಳು ಕಾಣಿಸಿದಾಗ ಅಗಲ ನೋಟದ ಲೆನ್ಸು ಬಳಸಿ, ಎತ್ತರದಿಂದ ತೆಗೆದಿದ್ದಾರೆ. ನೋಡುಗರು ಅಲ್ಲಿ ತಮಗರಿವಿಲ್ಲದೆಯೇ ಉಸಿರು ಬಿಡುತ್ತಾರೆ.

ಇದನ್ನು ಓದಿ ನಂಬುವುದಕ್ಕಿಂತ ಸ್ವತಃ ಪರೀಕ್ಷಿಸುವುದು ಒಳ್ಳೆಯದು. ಚಿತ್ರದ ಹತ್ತನೆಯ ನಿಮಿಷ, ಐವತ್ತನೆಯ ನಿಮಿಷ ಮತ್ತು ಎಂಬತ್ತೈದನೆಯ ನಿಮಿಷದ ಆಸುಪಾಸಿನಲ್ಲಿ ತಲಾ ಐದು ನಿಮಿಷಗಳನ್ನು ಸದ್ದು ನಿಲ್ಲಿಸಿ, ಸಬ್‌ಟೈಟಲ್ ತೆಗೆದು ನೋಡಿ. ಸಬ್‌ಟೈಟಲ್ ಓದುತ್ತಾ ನೋಡುವವರ ಕಣ್ಣು ಸದಾ ಪರದೆಯ ಕೆಳ ಅಂಚಿನಲ್ಲೇ ಇರುವುದರಿಂದ ಚಾವಣಿಯಂಥ ಸಂಗತಿ ಕಾಣಿಸದೇ ಹೋಗುವುದು ಸಹಜ. ಇನ್ನೊಂದು ಮಾತು: ಹಣ ಉಳಿಸಲು ಈ ಚಿತ್ರವನ್ನು ಕಥೆಯ ಅನುಕ್ರಮದಲ್ಲಿ ತೆಗೆಯಲಿಲ್ಲ, ಒಂದು ಕುರ್ಚಿಯ ಕಡೆಗೆ ಬೆಳಕು ಹೊಂದಿಸಿದರೆ ಆ ಕಡೆಯ ಶಾಟುಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಿದ್ದರು. ಹೀಗಾಗಿ ಲೀ ಜೆ. ಕಾಬ್ ಮತ್ತು ಫೋಂಡಾ ಎದುರೆದುರು ನಿಂತು ವಾದಿಸುವ ದೃಶ್ಯದ ಎರಡು ಬದಿಗಳ ನಡುವೆ ಎಷ್ಟೋ ದಿನಗಳ ಅಂತರವಿತ್ತು. ಆ ಕೋಪದ ಏರಿಳಿತದಲ್ಲಿ ಎಲ್ಲೂ ಬಿರುಕು ಕಾಣಿಸುವುದಿಲ್ಲ. ತಾಲೀಮಿನ ಬೆಲೆ ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಎರಡನೆಯದಾಗಿ 1975ರ 'ಡಾಗ್ ಡೇ ಆಫ್ಟರ್‌ನೂನ್' ನೋಡಬೇಕು, ಏಕೆಂದರೆ ಮೊದಲನೆಯದರಲ್ಲಿ ಕಂಡ ಲೆಕ್ಕಾಚಾರ ಇಲ್ಲಿ ಇಲ್ಲವೇ ಇಲ್ಲವೆಂದು ತೋರುತ್ತದೆ. 1972ರ ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ನಡೆದ ಬ್ಯಾಂಕ್ ದರೋಡೆಯ ಯತ್ನ ಇದರ ವಸ್ತು. ಕಥೆ ನಂಬಲಾಗದಷ್ಟು ವಿಚಿತ್ರವಾಗಿರುವುದರಿಂದ, ಇದು ನಿಜವಾಗಿ ನಡೆದದ್ದೆಂಬ ಭಾವವನ್ನು ಉಳಿಸಿಕೊಳ್ಳುವುದೇ ಲ್ಯುಮೆಟ್ ಅವರಿಗೆ ಮುಖ್ಯವಾಯಿತು. ಅದಕ್ಕಾಗಿ ನಟರಿಗೆ ತಮ್ಮ ತಮ್ಮ ಬಟ್ಟೆಗಳನ್ನೇ ತೊಡಿಸಿದರು. ಆರಂಭದಲ್ಲಿ ಬರುವ ಒಂದು ಹಾಡನ್ನು ಬಿಟ್ಟರೆ ಹಿನ್ನೆಲೆ ಸಂಗೀತವನ್ನೇ ಬಳಸಲಿಲ್ಲ. ಸಂಗೀತವಿಲ್ಲದ ಚಿತ್ರದಲ್ಲಿ ಕಿವಿ ಬೇರೆ ಸದ್ದುಗಳನ್ನು ಹುಡುಕತೊಡಗುತ್ತದೆ. ಬೀದಿಯಲ್ಲಿ ನೆರೆದ ಜನರ ಗದ್ದಲ ಯಾವಾಗ ಏರುತ್ತದೆ, ಬ್ಯಾಂಕಿನೊಳಗಿನ ಮೌನ ಯಾವಾಗ ಅಸಹನೀಯವಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತ ಹೋಗಿ. ಯಾವ ದೇಶಕ್ಕೆ ಓಡಿಹೋಗಬೇಕೆಂದು ಕೇಳಿದಾಗ ದರೋಡೆಕೋರರಲ್ಲೊಬ್ಬನಾದ ಜಾನ್ ಕಜೇಲ್ ಅವರ ಪಾತ್ರ ಅಮೆರಿಕದ್ದೇ ರಾಜ್ಯವಾದ ವಯೋಮಿಂಗ್‌ನ ಹೆಸರು ಹೇಳುವುದು ಚಿತ್ರಕಥೆಯಲ್ಲಿ ಇರಲಿಲ್ಲ, ನಟರೇ ಆ ಕ್ಷಣಕ್ಕೆ ತಂದದ್ದು.

ಈ ಚಿತ್ರದಲ್ಲಿ ತಪ್ಪದೆ ಮತ್ತೊಮ್ಮೆ ನೋಡಬೇಕಾದದ್ದು ಇನ್ನೊಬ್ಬ ದರೋಡೆಕೋರನಾಗಿ ಅಭಿನಯಿಸಿದ ಆಲ್ ಪಚೀನೋ ಅವರ ದೀರ್ಘ ಫೋನ್ ಸಂಭಾಷಣೆ. ಒಂದು ಕ್ಯಾಮೆರಾದಲ್ಲಿ ತುಂಬಿದ ಫಿಲ್ಮು ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಅಭಿನಯವನ್ನು ನಡುವೆ ತುಂಡರಿಸಲು ಇಷ್ಟವಿಲ್ಲದ ಲ್ಯುಮೆಟ್ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದರ ಫಿಲ್ಮು ಮುಗಿಯುವ ಹೊತ್ತಿಗೆ ಇನ್ನೊಂದು ಓಡುವಂತೆ ಏರ್ಪಾಡು ಮಾಡಿದರು. ಮೊದಲ ಟೇಕ್ ಅದ್ಭುತವಾಗಿ ಬಂದರೂ ಪಚೀನೋ ಅವರಿಗೆ ಉಸಿರಾಡಲೂ ಬಿಡುವು ಕೊಡದೆ ತಕ್ಷಣ ಮತ್ತೊಮ್ಮೆ ಮಾಡಿಸಿದರು. ಬೇಕಾಗಿದ್ದದ್ದು ದಣಿವು, ಅದು ಎರಡನೆಯ ಟೇಕಿನಲ್ಲಿ ಸಿಕ್ಕಿತು. ಚಿತ್ರದಲ್ಲಿರುವುದು ಆ ದಣಿದ ಮುಖ.

ಟೆಲಿವಿಷನ್ ವಾಹಿನಿಯೊಂದರ ಕಥೆಯಾದ 1976ರ 'ನೆಟ್‌ವರ್ಕ್' ಚಿತ್ರದ ಕೀರ್ತಿಯೆಲ್ಲ ಸಾಮಾನ್ಯವಾಗಿ ಚಿತ್ರಕಥೆ ಬರೆದ ಪ್ಯಾಡಿ ಚಯೆಫ್‌ಸ್ಕಿ ಅವರ ಮಾತುಗಳಿಗೆ ಸಲ್ಲುತ್ತದೆ. ಸಲ್ಲಬೇಕಾದ್ದೇ, ಚಿತ್ರ ಗೆದ್ದ ನಾಲ್ಕು ಆಸ್ಕರ್‌ಗಳಲ್ಲಿ ಒಂದು ಚಿತ್ರಕಥೆಗೆ, ಉಳಿದ ಮೂರು ನಟರಿಗೆ ಸಂದವು. ಅವರಲ್ಲಿ ಬಿಯಾಟ್ರಿಸ್ ಸ್ಟ್ರೇಟ್ ಪರದೆಯ ಮೇಲಿರುವುದು ಐದೇ ನಿಮಿಷದಷ್ಟು. ಆದರೆ ಎರಡನೆಯ ಸಲ ನೋಡುವಾಗ ಮಾತನ್ನು ಪಕ್ಕಕ್ಕಿಟ್ಟು ಬೆಳಕನ್ನು ನೋಡಬೇಕು. ಆರಂಭದಲ್ಲಿ ಬೆಳಕು ನಿತ್ಯದ ಬದುಕಿನದು, ಕ್ಯಾಮೆರಾ ಚಲನೆಯೂ ಕಡಿಮೆ. ಕಥೆ ಮುಂದುವರಿದಂತೆ ದೃಶ್ಯಗಳು ನಯವಾಗುತ್ತ, ಹೊಳೆಯುತ್ತ, ಕೊನೆಗೆ ಒಬ್ಬ ಮನುಷ್ಯನನ್ನು ಕೊಲ್ಲಿಸುವ ನಿರ್ಧಾರ ಮಾಡುವ ಸಭೆ ಜಾಹೀರಾತಿನಂತೆ ಬೆಳಗುತ್ತದೆ. ಟೆಲಿವಿಷನ್ ಪಾತ್ರಗಳನ್ನು ಕೆಡಿಸಿದ ಹಾಗೆ ಕ್ಯಾಮೆರಾವನ್ನೂ ಕೆಡಿಸಬೇಕೆಂಬುದು ನಿರ್ದೇಶಕರ ಉದ್ದೇಶವಾಗಿತ್ತು.

ಇಷ್ಟಾದ ಮೇಲೆ ಜೋಡಿಗಳನ್ನು ಮಾಡಿಕೊಂಡು ನೋಡುವುದು ಫಲಪ್ರದ. 1973ರ 'ಸರ್ಪಿಕೋ' ಮತ್ತು 1981ರ 'ಪ್ರಿನ್ಸ್ ಆಫ್ ದಿ ಸಿಟಿ' ಎರಡೂ ನ್ಯೂಯಾರ್ಕ್ ಪೊಲೀಸರ ಲಂಚಗುಳಿತನದ ಕುರಿತಾದವು, ಎರಡೂ ನಿಜವಾದ ಅಧಿಕಾರಿಗಳ ಬದುಕನ್ನು ಆಧರಿಸಿದವು. ಮೊದಲನೆಯದರ ನಾಯಕ ಕೈ ಕೆಸರು ಮಾಡಿಕೊಳ್ಳದವನು. ಎರಡನೆಯವನು ತಾನೂ ಕೆಸರಿನಲ್ಲಿ ನಿಂತು ಗೆಳೆಯರ ಗುಟ್ಟು ಬಿಚ್ಚುವವನು. 'ಸರ್ಪಿಕೋ' ಚಿತ್ರವನ್ನು ಹಿಂದಿನಿಂದ ಮುಂದಕ್ಕೆ ಚಿತ್ರೀಕರಿಸಿದರೆಂಬುದು ನೆನಪಿರಲಿ: ಪಚೀನೋ ಅವರ ಉದ್ದ ಕೂದಲು, ಗಡ್ಡಗಳ ದೃಶ್ಯಗಳನ್ನು ಮೊದಲು ತೆಗೆದು, ಸ್ವಲ್ಪಸ್ವಲ್ಪವೇ ಕತ್ತರಿಸುತ್ತ ಆರಂಭದ ದೃಶ್ಯಗಳಿಗೆ ಬಂದರು. 'ಪ್ರಿನ್ಸ್ ಆಫ್ ದಿ ಸಿಟಿ' 167 ನಿಮಿಷಗಳ ಚಿತ್ರ, ಪಾತ್ರಗಳು ನೂರಕ್ಕೂ ಹೆಚ್ಚು. ಯಾರು ಯಾರೆಂದು ನೆನಪಿಡುವ ಹಟ ಬಿಟ್ಟು ನೋಡುವುದೇ ಸರಿ. ಇಲ್ಲಿ ಲ್ಯುಮೆಟ್ ಸಹಜ ನೋಟ ಕೊಡುವ ನಡುವಣ ಲೆನ್ಸುಗಳನ್ನು ದೂರವಿಟ್ಟು ತೀರ ಅಗಲ ನೋಟದ್ದನ್ನೋ ತೀರ ಉದ್ದ ನಾಭಿದೂರದ್ದನ್ನೋ ಬಳಸಿದರು. ಯಾವ ಬೀದಿಯೂ ತನ್ನ ನಿಜವಾದ ಅಳತೆಯಲ್ಲಿ ಕಾಣಿಸದ ಈ ನಗರದಲ್ಲಿ ನಾಯಕನಿಗೆ ನಿಲ್ಲಲು ಗಟ್ಟಿ ನೆಲವಿಲ್ಲ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಚಿತ್ರ ಇದೇ, ಆದರೆ ಇದರಿಂದ ಆರಂಭಿಸಿದವರು ಅರ್ಧಕ್ಕೇ ನಿಲ್ಲಿಸುವ ಸಂಭವ ಹೆಚ್ಚು.

ಇನ್ನೊಂದು ಜೋಡಿ, '12 ಆ್ಯಂಗ್ರಿ ಮೆನ್' ಮತ್ತು 1982ರ 'ದಿ ವರ್ಡಿಕ್ಟ್'. ಎರಡೂ ನ್ಯಾಯದ ಕಥೆಗಳು, ನಡುವೆ ಇಪ್ಪತ್ತೈದು ವರ್ಷಗಳ ಅನುಭವ. ಪಾಲ್ ನ್ಯೂಮನ್ ಇಲ್ಲಿ ಕುಡಿತಕ್ಕೆ ಬಿದ್ದ ಬಾಸ್ಟನ್‌ನ ವಕೀಲ. ಲ್ಯುಮೆಟ್ ಮತ್ತು ಛಾಯಾಗ್ರಾಹಕ ಆ್ಯಂಡ್ರೆ ಬಾರ್ಟ್‌ಕೋವಿಯಾಕ್ ಇಟಲಿಯ ಚಿತ್ರಕಾರ ಕಾರವಾಜ್ಜೋ ಅವರ ಕೃತಿಗಳನ್ನು ಅಧ್ಯಯನ ಮಾಡಿ, ಒಂದು ಬದಿಯಿಂದ ಬೀಳುವ ಬೆಳಕನ್ನೂ ದಟ್ಟ ನೆರಳನ್ನೂ ಆರಿಸಿಕೊಂಡರು. ಬಣ್ಣಗಳೆಲ್ಲ ಕಂದು, ಕಡುಗೆಂಪು, ಎಲೆ ಉದುರುವ ಕಾಲದವು. ಪ್ರಜ್ಞೆಯಿಲ್ಲದೆ ಮಲಗಿರುವ ತನ್ನ ಕಕ್ಷಿದಾರಳನ್ನು ವಕೀಲ ಪೋಲರಾಯ್ಡ್ ಕ್ಯಾಮೆರಾದಲ್ಲಿ ಹಿಡಿಯುವ ದೃಶ್ಯವನ್ನು ನಿಧಾನವಾಗಿ ನೋಡಿ. ಬಿಳಿ ಕಾಗದದ ಮೇಲೆ ಆಕೆಯ ರೂಪ ಮೂಡುತ್ತಿರುವಾಗ ಅವನು ಮಾತಾಡುವುದಿಲ್ಲ, ಸಂಗೀತ ಬಂದು ಒತ್ತಾಯಿಸುವುದೂ ಇಲ್ಲ. ಹಣಕ್ಕಾಗಿ ಬಂದವನ ಮನಸ್ಸು ತಿರುಗುವುದು ಆ ಹೊತ್ತಿನಲ್ಲಿ.

ಸಂಕಲನದ ಬಗ್ಗೆ ಆಸಕ್ತಿಯಿದ್ದವರು 1964ರ 'ದಿ ಪಾನ್‌ಬ್ರೋಕರ್' ನೋಡಬಹುದು. ನಾಜಿ ಶಿಬಿರದ ನೆನಪುಗಳು ಕಣ್ಣು ಮಿಟುಕಿಸುವಷ್ಟು ಚಿಕ್ಕ ತುಣುಕುಗಳಾಗಿ ನುಗ್ಗಿ ಬರುವುದನ್ನು ಅಲ್ಲಿ ಕಾಣಬಹುದು. ನಟನೆಗಾಗಿ ನೋಡುವವರಿಗೆ 1962ರ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್' ಇದೆ, ಅದರ ನಾಲ್ವರು ಮುಖ್ಯ ಕಲಾವಿದರಿಗೂ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು.

ಸೋತ ಚಿತ್ರಗಳನ್ನು ಏನು ಮಾಡುವುದು? ಲ್ಯುಮೆಟ್ ಬಿಡುವಿಲ್ಲದೆ ದುಡಿದವರು. 1978ರ 'ದಿ ವಿಜ್', 1999ರ 'ಗ್ಲೋರಿಯಾ' ಮುಂತಾದವು ಆ ದುಡಿಮೆಯ ಹೊಟ್ಟು. ಎಲ್ಲವನ್ನೂ ನೋಡಿ ಮುಗಿಸುವ ಛಲ ಬೇಡ. ಪ್ರಶಸ್ತಿಗಳ ಪಟ್ಟಿಯನ್ನು ಹಿಡಿದು ಹೊರಡುವುದೂ ಬೇಡ: ಅತ್ಯುತ್ತಮ ನಿರ್ದೇಶಕರೆಂದು ನಾಲ್ಕು ಸಲ ಆಸ್ಕರ್‌ಗೆ ಹೆಸರು ಸೂಚಿತವಾದರೂ ಒಮ್ಮೆಯೂ ಗೆಲ್ಲಲಿಲ್ಲ, 2005ರಲ್ಲಿ ಗೌರವ ಆಸ್ಕರ್ ಕೊಟ್ಟರು.

ಕೊನೆಗೆ ಉಳಿಸಿಕೊಳ್ಳಬೇಕಾದದ್ದು 2007ರ 'ಬಿಫೋರ್ ದಿ ಡೆವಿಲ್ ನೋಸ್ ಯೂ ಆರ್ ಡೆಡ್'. 2011ರಲ್ಲಿ ತೀರಿಕೊಂಡ ಲ್ಯುಮೆಟ್ ಅವರ ಕೊನೆಯ ಚಿತ್ರ ಇದು. ಎಂಬತ್ತು ದಾಟಿದ ಮೇಲೆ, ಫಿಲ್ಮನ್ನು ಬಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಚಿನ್ನಾಭರಣದ ಅಂಗಡಿಯೊಂದರ ದರೋಡೆ, ಅದಕ್ಕೆ ಹಿಂದು ಮುಂದಾದ ದಿನಗಳು ಬೇರೆ ಬೇರೆಯವರ ಕಡೆಯಿಂದ ಮತ್ತೆ ಮತ್ತೆ ತೆರೆದುಕೊಳ್ಳುತ್ತವೆ. ಮೂಲ ಚಿತ್ರಕಥೆಯಲ್ಲಿ ದರೋಡೆಗೆ ಹೊರಟವರು ಇಬ್ಬರು ಗೆಳೆಯರು. ಆ ಇಬ್ಬರನ್ನು ಲ್ಯುಮೆಟ್ ಅಣ್ಣತಮ್ಮಂದಿರನ್ನಾಗಿ ಮಾಡಿದರು. ಅಂಗಡಿ ಅವರ ತಂದೆತಾಯಿಯರದೇ. ಆ ಒಂದು ಬದಲಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರ ನೋಡಿ, ಅವರು ಗೆಳೆಯರಾಗಿಯೇ ಉಳಿದಿದ್ದರೆ ಯಾವ ಯಾವ ದೃಶ್ಯಗಳು ನಿಲ್ಲುತ್ತಿದ್ದವು, ಯಾವುವು ಬಿದ್ದುಹೋಗುತ್ತಿದ್ದವು ಎಂದು ಲೆಕ್ಕ ಹಾಕಿ. ಆ ಬಳಿಕ 'ಮೇಕಿಂಗ್ ಮೂವೀಸ್' ಓದಿ. ಚಿತ್ರಗಳಿಗೆ ಮೊದಲೇ ಆ ಪುಸ್ತಕ ಓದಿದರೆ ನೀವೇ ಕಂಡುಕೊಳ್ಳಬಹುದಾದದ್ದನ್ನು ಅದು ಮುಂಚಿತವಾಗಿ ಹೇಳಿಬಿಡುತ್ತದೆ. ನಾನು ಇಲ್ಲಿ ಬಿಟ್ಟುಕೊಟ್ಟದ್ದಕ್ಕಿಂತ ಅದರಲ್ಲಿ ಉಳಿದಿರುವುದೇ ಹೆಚ್ಚು.