ಕಸದ ಗುಡ್ಡದ ಗ್ಯಾಸಿನಿಂದ ಕರೆಂಟ್: ಮಷಿನ್ ಕೊಳ್ಳುವ ಮುಂಚೆ ಒಂದು ವರ್ಷ ಅಳೆಯಿರಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಎರೆ ಭೂಮಿ ಬಾಯಿ ಬಿಡುತ್ತದೆ. ಕೈ ಇಳಿಸುವಷ್ಟು ಅಗಲದ ಬಿರುಕು. ಕಸದ ಗುಡ್ಡಕ್ಕೆ ಇದೇ ಮಣ್ಣು ಹೊದಿಸಿದರೆ ಅಲ್ಲೂ ಅದೇ ಕಥೆ, ಒಳಗೆ ಕಸ ಕೊಳೆತು ಹುಟ್ಟುವ ಗ್ಯಾಸ್ ಆ ಬಿರುಕುಗಳಿಂದ ಸುಮ್ನೆ ಗಾಳಿ ಸೇರುತ್ತಿರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮೀಥೇನ್. ಹಳ್ಳಿಯ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಅದೇ. ಹಾಗೇ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ, ಹಿಡಿದು ಉರಿಸಿದರೆ ಶಾಖ ಸಿಗುತ್ತದೆ, ಕರೆಂಟ್ ಸಿಗುತ್ತದೆ.

ಗುಡ್ಡ ಪಾಲಿಕೆಯದು, ಲ್ಯಾಬ್ ವಿಶ್ವವಿದ್ಯಾಲಯದ್ದು. ಇಬ್ಬರೂ ಸೇರದೆ ಈ ಕೆಲಸ ಮುಂದೆ ಹೋಗುವುದಿಲ್ಲ. ಅಮೆರಿಕದ ವಟಾಗಾ ಕೌಂಟಿಯಲ್ಲಿ ಸ್ಥಳೀಯ ಆಡಳಿತ ಮತ್ತು ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯ ಕೈ ಜೋಡಿಸಿ, ವಾಹನದ ಎಂಜಿನ್ನನ್ನೇ ಮಾರ್ಪಡಿಸಿ ಚಿಕ್ಕ ಗುಡ್ಡದಿಂದ ಕರೆಂಟ್ ತೆಗೆದವು. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ 2009ರಿಂದ ಸುಮಾರು 20 ಕಿಲೋಮೀಟರ್ ಪೈಪಿನಲ್ಲಿ ಗ್ಯಾಸ್ ತರಿಸಿಕೊಂಡು ಕ್ಯಾಂಪಸ್ ನಡೆಸುತ್ತಿದೆ. ನಮ್ಮಲ್ಲೂ ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ, ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕೆಲಸ ಬಲ್ಲ ಜನರ ಕೊರತೆಯೇನೂ ಇಲ್ಲ, ಅಲ್ವಾ?

ಮೊದಲ ಪ್ರಶ್ನೆ: ಆ ಗುಡ್ಡ ಇನ್ನು ಹತ್ತು ವರ್ಷ ಅಲ್ಲೇ ಇರುತ್ತದಾ? 2021ರಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ 2.0 ಅಡಿಯಲ್ಲಿ ಹಳೇ ಕಸವನ್ನು ಅಗೆದು, ಜರಡಿ ಹಿಡಿದು, ಜಾಗ ಖಾಲಿ ಮಾಡುವುದೇ ಗುರಿ. ಅಗೆಯುವುದಾದರೆ ಗ್ಯಾಸಿನ ಆಸೆ ಬಿಡಿ. ಆಗ ಹೊಸ ಹಸಿ ಕಸಕ್ಕೆ ಬಯೋಗ್ಯಾಸ್ ಘಟಕ ಕಟ್ಟುವುದೇ ಸರಿ, ನನ್ನ ಪ್ರಕಾರ ಹಸಿ ಕಸ ಗುಡ್ಡಕ್ಕೆ ಹೋಗಲೇಬಾರದು. ಗುಡ್ಡ ಉಳಿಯುತ್ತದಾ ಎಂಬುದಕ್ಕೆ ಪಾಲಿಕೆಯ ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಗುಡ್ಡ ಉಳಿಯುತ್ತದೆ ಅಂತಾದರೆ ಅಳತೆ ಶುರು ಮಾಡಿ. ದುಬಾರಿ ಸಾಮಾನು ಬೇಡ. ತಳ ಕತ್ತರಿಸಿದ ಒಂದು ಡ್ರಮ್ಮನ್ನು ಮಣ್ಣಿನೊಳಗೆ ಗೇಣುದ್ದ ಒತ್ತಿ, ಸುತ್ತ ಹಸಿ ಜೇಡಿ ಮಣ್ಣು ಮೆತ್ತಿ. ಮುಚ್ಚಳಕ್ಕೊಂದು ರಬ್ಬರ್ ಬಿರಡೆ. ಅದರ ಮೂಲಕ ಹತ್ತತ್ತು ನಿಮಿಷಕ್ಕೊಮ್ಮೆ ಸಿರಿಂಜಿನಲ್ಲಿ ಗಾಳಿ ಎಳೆದು ಲ್ಯಾಬಿನ ಗ್ಯಾಸ್ ಕ್ರೊಮಾಟೋಗ್ರಾಫ್‌ಗೆ (ಗಾಳಿಯಲ್ಲಿ ಯಾವ ಅನಿಲ ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ ಯಂತ್ರ) ಕೊಟ್ಟರೆ, ಮೀಥೇನ್ ಎಷ್ಟು ಬೇಗ ಏರುತ್ತಿದೆ ಎಂಬುದರಿಂದ ಒಂದು ಚದರ ಮೀಟರಿಗೆ ಎಷ್ಟು ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಬಿರುಕಿನ ಮೇಲೂ ಇಡಿ, ಬಿರುಕಿಲ್ಲದ ಕಡೆಯೂ ಇಡಿ. ಮಳೆಗಾಲದಲ್ಲಿ ಎರೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ, ಕಸಕ್ಕೆ ತೇವ ಸಿಕ್ಕಿ ಗ್ಯಾಸೂ ಜಾಸ್ತಿಯಾಗುತ್ತದೆ, ಹಾಗಾಗಿ ಒಂದೇ ದಿನದ ಅಂಕಿ ಹಿಡಿದು ಟೆಂಡರ್ ಕರೆಯಬೇಡಿ.

ಡ್ರಮ್ ಹೇಳುವುದು ಸೋರಿಕೆಯ ಲೆಕ್ಕ ಮಾತ್ರ. ಎಳೆದರೆ ಎಷ್ಟು ಬರುತ್ತದೆ ಅಂತ ತಿಳಿಯಲು ಎರಡು ಮೂರು ಪರೀಕ್ಷಾ ಬಾವಿ ಕೊರೆದು, ತೂತು ಮಾಡಿದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಇಳಿಸಿ, ಸುತ್ತ ಜಲ್ಲಿ ತುಂಬಿ, ಗ್ಯಾಸ್ ಎಳೆಯುವ ಬ್ಲೋವರ್ ಹಚ್ಚಿ ಕೆಲವು ವಾರ ನೋಡಬೇಕು. ಅಮೆರಿಕದ ಅಂದಾಜಿನಲ್ಲಿ 10 ಲಕ್ಷ ಟನ್ ಕಸಕ್ಕೆ ಸುಮಾರು 0.78 ಮೆಗಾವ್ಯಾಟ್. ನಮ್ಮ ಗುಡ್ಡ ಒಣಗಿದ್ದು, ಎತ್ತರ ಕಡಿಮೆ, ಬೆಂಕಿ ಬಿದ್ದು ಎಷ್ಟೋ ಸುಟ್ಟಿರುತ್ತದೆ. ಕಡಿಮೆಯೇ ಹಿಡಿಯಿರಿ.

ಜೋರಾಗಿ ಎಳೆಯಲೇಬೇಡಿ. ಬಿರುಕುಗಳಿಂದ ಗಾಳಿ ಒಳಹೊಕ್ಕರೆ ಗುಡ್ಡದ ಹೊಟ್ಟೆಯಲ್ಲೇ ಬೆಂಕಿ ಹತ್ತಬಹುದು, ಅದನ್ನು ಆರಿಸಲು ತಿಂಗಳುಗಳೇ ಬೇಕಾದೀತು. ಪೈಪಿನಲ್ಲಿ ಆಮ್ಲಜನಕ ಏರಿತೋ, ಆ ಬಾವಿಯ ವಾಲ್ವ್ ತಿರುಗಿಸಿ ಎಳೆತ ಕಡಿಮೆ ಮಾಡಿ. ಗ್ಯಾಸಿನ ತೇವ ಪೈಪಿನಲ್ಲಿ ನೀರಾಗಿ ನಿಲ್ಲುತ್ತದೆ, ಅದಕ್ಕೆ ಇಳಿಜಾರು ಕೊಡಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು, ಬೀಡಿ ಸಿಗರೇಟ್ ಗೇಟಿನಲ್ಲೇ ಇಡಿಸಿ. ಗ್ಯಾಸಿನಲ್ಲಿ ಬೆರೆತಿರುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಖುಷಿಪಡಬೇಡಿ, ಅದು ಜಾಸ್ತಿಯಾಗಿ ಮೂಗು ಸತ್ತಿರಬಹುದು. ಗ್ಯಾಸ್ ಪತ್ತೆ ಮಾಡುವ ಮೀಟರ್ ಕೈಗೆ ಕೊಡದೆ ಯಾವ ವಿದ್ಯಾರ್ಥಿಯನ್ನೂ ಒಳಗೆ ಬಿಡಬೇಡಿ.

ಗ್ಯಾಸ್ ಕಡಿಮೆ ಬಂದರೆ ಎಂಜಿನ್ ಹಿಂದೆ ಬೀಳದೆ ನೇರ ಶಾಖಕ್ಕೆ ಬಳಸಿ. ಅದಕ್ಕೆ ಶುದ್ಧೀಕರಣವೂ ಕಡಿಮೆ ಸಾಕು. ಸಾಕಷ್ಟು ಬಂದರೆ ಜನರೇಟರ್ ಇಟ್ಟು, ಕರೆಂಟ್ ಕೊಡುವ ಕಂಪನಿ ಜೆಸ್ಕಾಂ ಜೊತೆ ಮಾತಾಡಿ.

ಇನ್ನು ಒಪ್ಪಂದ. ಗ್ಯಾಸ್ ಯಾರದು, ಕಾರ್ಬನ್ ಕ್ರೆಡಿಟ್ (ಮಾಲಿನ್ಯ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಯಾರದು, ಅಪಘಾತವಾದರೆ ಹೊಣೆ ಯಾರು, ಅಂಕಿಅಂಶ ಜನರಿಗೆ ಸಿಗುತ್ತದಾ, ಎಲ್ಲವೂ ಕಾಗದದಲ್ಲಿರಲಿ. ಎಂಎಸ್ಸಿ ಹುಡುಗರು ಎರಡು ವರ್ಷಕ್ಕೆ ಹೋಗಿಬಿಡುತ್ತಾರೆ, ಕಮಿಷನರೂ ವರ್ಗವಾಗುತ್ತಾರೆ. ಅದಕ್ಕೇ ಮೀಟರ್ ನೋಡಲು ಸಂಬಳದ ಒಬ್ಬ ಕಾಯಂ ಟೆಕ್ನಿಷಿಯನ್ ಬೇಕೇ ಬೇಕು. ಅನುದಾನಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯನ್ನು ಕೇಳಿ ನೋಡಬಹುದು, ಆದರೆ ಕೇಳುವಾಗ ಕೈಯಲ್ಲಿ ನಿಮ್ಮದೇ ಅಳತೆ ಇರಲಿ.

ಮೊದಲ ಡ್ರಮ್ ಮೇ ತಿಂಗಳಲ್ಲೇ ಇಡಿ. ಮಳೆ ಬಿದ್ದು ಬಿರುಕು ಮುಚ್ಚಿಕೊಂಡರೆ ಆ ಅಂಕಿಗೆ ಮತ್ತೊಂದು ಬೇಸಿಗೆ ಕಾಯಬೇಕಾಗುತ್ತದೆ.