ಜಾತ್ರೆ ನಾಟಕಕ್ಕೆ ಹೊಸ ಭಾಷೆ: ದನಿಗಳನ್ನು ಆರಿಸುವುದು ಹೇಗೆ?

ಬನಶಂಕರಿ ಜಾತ್ರೆಗೆಂದು ನಾಟಕ ಬರೆಯುತ್ತಿದ್ದೀರಿ. ಅದರಲ್ಲಿ ಯಾರೂ ಕಾಣದ ನಾಡಿನ ಜನ ಬರುತ್ತಾರೆ. ಅವರ ಮಾತು ಹೇಗಿರಬೇಕು? ಸುಮ್ನೆ ಬಾಯಿಗೆ ಬಂದದ್ದು ಒದರಿಸಿದರೆ ಎರಡನೇ ದೃಶ್ಯಕ್ಕೇ ಬಣ್ಣ ಬಯಲಾಗುತ್ತದೆ. ಪದ ಕಟ್ಟುವ ಮೊದಲು ದನಿಗಳನ್ನು ಗೊತ್ತುಮಾಡಿಕೊಳ್ಳಿ.

ಮೊದಲ ಕೆಲಸ ಬಿಡುವುದು. ಹೊಸಬರು ವಿಚಿತ್ರ ಸದ್ದುಗಳನ್ನೆಲ್ಲ ಗುಡ್ಡೆ ಹಾಕುತ್ತಾರೆ. ಅದು ಬೇಡ. ಹವಾಯಿ ಭಾಷೆಯಲ್ಲಿ ಇರುವುದೇ 8 ವ್ಯಂಜನ. 2009ರ ‘ಅವತಾರ್’ ಸಿನಿಮಾಕ್ಕೆ ಪಾಲ್ ಫ್ರಾಮರ್ ಕಟ್ಟಿದ ನಾವಿ ಭಾಷೆಯಲ್ಲಿ ಬ, ದ, ಗ ಇಲ್ಲ. ನಮಗೆ ಪ, ತ, ಕ, ಮ, ನ, ಸ, ಲ, ಳ ಸಾಕು. ಸ್ವರ ಅ, ಇ, ಉ ಮತ್ತು ಅವುಗಳ ದೀರ್ಘ. ಶಿಷ್ಟ ಅರಬ್ಬಿಯ ಸ್ವರಗಳೂ ಇಷ್ಟೇ.

ಎಲ್ಲ ನಮ್ಮವೇ ದನಿ, ಹೊಸತೇನು ಬಂತು ಅಂತೀರಾ? ಹೊಸತು ಇರುವುದು ಜಾಗದಲ್ಲಿ. ಕನ್ನಡದ ಪದ ಳದಿಂದ ಶುರುವಾಗುವುದಿಲ್ಲ. ಕೊನೆಯಲ್ಲಿ ಸ್ವರ ಬೇಕು, ಅದಕ್ಕೇ ಬಸ್ ‘ಬಸ್ಸು’ ಆಯಿತು. ಹಿಂದೆ ಹೀಗಿರಲಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲಿ, ‘ವಿಪರೀತನ್’ ಎಂದಿದೆ. ಇಂದು ನಾವು ‘ವಿಪರೀತನು’ ಎಂದು ಬರೆಯುತ್ತೇವೆ. ಈಗ ಎರಡೂ ಕಟ್ಟಳೆ ಮುರಿಯಿರಿ. ಳ ಪದದ ಮೊದಲಿಗೂ ಬರಲಿ, ಎಲ್ಲ ಪದ ನ್ ಅಥವಾ ಸ್‌ನಲ್ಲಿ ಮುಗಿಯಲಿ. ಳಾಸಿನ್, ಳಿಮಸ್, ಪಳುನ್. ನಟರ ನಾಲಿಗೆಗೆ ಸುಲಭ, ಪ್ರೇಕ್ಷಕರ ಕಿವಿಗೆ ಪರದೇಶಿ!

ಆಮೇಲೆ ದನಿ ಬದಲಾಗುವ ನಿಯಮ. ಬಾಗಲಕೋಟೆ ಕಡೆ ಮನೆ ‘ಮನಿ’, ತಲೆ ‘ತಲಿ’, ಎಲೆ ‘ಎಲಿ’. ಒಂದೇ ನಿಯಮ, ನೂರಾರು ಪದ. ನೀವೂ ಒಂದು ಹಾಕಿ: ಎರಡು ಸ್ವರಗಳ ನಡುವೆ ಪ, ತ, ಕ ಬಂದರೆ ಬ, ದ, ಗ ಆಗಬೇಕು. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುತ್ತದಲ್ವಾ, ಹಾಗೆ. ಪದದ ಮುಂದೆ ಅಂಟಿಕೊಳ್ಳುವ ‘ಳಾ’ ಎಂದರೆ ದೊಡ್ಡ, ‘ಪಳುನ್’ ಎಂದರೆ ಗುಡ್ಡ ಎಂದಿಟ್ಟುಕೊಂಡರೆ ದೊಡ್ಡ ಗುಡ್ಡ ‘ಳಾಬಳುನ್’. ಪಟ್ಟಿಯಲ್ಲಿ ಇಲ್ಲದ ಬ ಹಿಂಬಾಗಿಲಿನಿಂದ ಬಂತು ನೋಡಿ. ಬರಲಿ ಬಿಡಿ, ಭಾಷೆ ನಿಜ ಅನ್ನಿಸುವುದೇ ಇಂಥದ್ದರಿಂದ.

ಒತ್ತು ಎಲ್ಲಿ ಬೀಳಬೇಕು, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಎಂದೂ ನಿರ್ಧರಿಸಿ. 1887ರಲ್ಲಿ ಪ್ರಕಟವಾದ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯಲ್ಲಿ ಒತ್ತು ಯಾವಾಗಲೂ ಕೊನೆಯಿಂದ ಎರಡನೇ ಉಚ್ಚಾರಾಂಶದ ಮೇಲೆ.

ಇನ್ನೂ ಸ್ವಲ್ಪ ಖಾರ ಬೇಕೆ? ಬೆಳಗಾವಿಯಲ್ಲಿ ಮರಾಠಿಗರು ಒಲೆಗೆ ‘ಚೂಲ್’ ಅನ್ನುವುದನ್ನು ಕಿವಿಗೊಟ್ಟು ಕೇಳಿ. ಅದು ನಮ್ಮ ಚ ಅಲ್ಲ, ‘ತ್ಸ’ಕ್ಕೆ ಹತ್ತಿರ. ಆ ಒಂದು ದನಿ ಸೇರಿಸಿ, ಜಾಸ್ತಿ ಬೇಡ.

ಕೊನೆಗೆ ತಾಲೀಮು. ಸಂಭಾಷಣೆ ಓದದ ನಟರಿಂದ ಹತ್ತಾರು ಪದ ಹೇಳಿಸಿ. ಎಲ್ಲರೂ ಒಂದೇ ಕಡೆ ತೊದಲಿದರೆ ನಟರನ್ನು ಬೈಯಬೇಡಿ, ನಿಯಮ ತಿದ್ದಿ. ಪ್ರತಿಯನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ‘ತ್ಸ’ ಬರುವಲ್ಲಿ ಚ ಬರೆದು ಕೆಳಗೊಂದು ಚುಕ್ಕೆ ಇಟ್ಟರೆ ತೆರೆಯ ಹಿಂದೆ ಮಾತು ಎತ್ತಿಕೊಡುವವರಿಗೂ ಗೊತ್ತಾಗುತ್ತದೆ.