ಜೆ, ಎಚ್ ಫಿಲ್ಟರ್ ಹಿಡಿದು ಒಂದು ಸೋಮಾರಿ ನೋವಾದ ಹಿಂದೆ

ನೋವಾ ಅಂದರೆ ದಿಢೀರ್ ಅಂತ ಹೊತ್ತಿಕೊಂಡು ಬೇಗ ಆರಿಹೋಗುವ ನಕ್ಷತ್ರ ಅಂತಲೇ ನಾನೂ ಅಂದುಕೊಂಡಿದ್ದೆ. ವಿ1405 ಕ್ಯಾಸ್ ಹಾಗಿರಲಿಲ್ಲ. 2021ರ ಮಾರ್ಚ್ 18ರಂದು ಜಪಾನಿನ ಹವ್ಯಾಸಿ ಯೂಜಿ ನಕಮುರಾ ಅದನ್ನು ಕುಂತಿ ನಕ್ಷತ್ರಪುಂಜದಲ್ಲಿ, ಎಂ52 ಎಂಬ ನಕ್ಷತ್ರಗುಚ್ಛದ ಪಕ್ಕದಲ್ಲೇ ಕಂಡುಹಿಡಿದರು. ಆಮೇಲೆ ವಾರಗಟ್ಟಲೆ ಅದು ಎಂಟನೇ ಮ್ಯಾಗ್ನಿಟ್ಯೂಡಿನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು) ಆಸುಪಾಸಿನಲ್ಲೇ ಸುಮ್ನೆ ತೂಗಾಡಿತು. ಅಷ್ಟು ಮಸುಕಾಗಿದ್ದಾಗ ನನ್ನ ಉಪಕರಣದ ಕೈಗೆ ಅದು ಸಿಗುವುದೇ ಇಲ್ಲ. ಮೇ ತಿಂಗಳಲ್ಲಿ ಬರಿಗಣ್ಣಿಗೆ ಕಾಣುವಷ್ಟು ಏರಿದ ಮೇಲೆ ನಾನು ಶುರು ಮಾಡಿದೆ.

ನನ್ನದು ಕ್ಯಾಮೆರಾ ಅಲ್ಲ, ಒಂದೇ ಪಿಕ್ಸೆಲ್ ಇರುವ ಫೋಟೋಮೀಟರ್, ಅಂದರೆ ಬೆಳಕು ಅಳೆಯುವ ಉಪಕರಣ ಅನ್ನಬಹುದು. ಮಾಮೂಲಿ ಕ್ಯಾಮೆರಾದ ಸಿಲಿಕಾನ್‌ಗೆ ಬೆಳಕಿನ ತರಂಗಾಂತರ 1.1 ಮೈಕ್ರಾನ್ ದಾಟಿದರೆ ಏನೂ ಕಾಣುವುದಿಲ್ಲ. ಅದಕ್ಕೇ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್ ಬೇಕು. ಫಿಲ್ಟರ್ ಎರಡೇ, ಎರಡೂ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನವು: 1.25 ಮೈಕ್ರಾನಿನ ಜೆ, 1.65ರ ಎಚ್. ಕನ್ನಡಿ ತಿರುಗಿಸಿ ನಕ್ಷತ್ರವನ್ನು ಪುಟ್ಟ ವೃತ್ತದ ನಡುವೆ ಕೂರಿಸಬೇಕು, ಕನ್ನಡಿ ಸರಿಸಿ ಹತ್ತು ಸೆಕೆಂಡಿನ ಮೂರು ಎಣಿಕೆ ತೆಗೆಯಬೇಕು, ಆಮೇಲೆ ದೂರದರ್ಶಕವನ್ನು ಚೂರು ಪಕ್ಕಕ್ಕೆ ಜರುಗಿಸಿ ಬರೀ ಆಕಾಶವನ್ನು ಎಣಿಸಬೇಕು. ಹೊಳಪು ಮೊದಲೇ ಗೊತ್ತಿರುವ ಹೋಲಿಕೆ ನಕ್ಷತ್ರ, ನೋವಾ, ಮತ್ತೆ ಹೋಲಿಕೆ ನಕ್ಷತ್ರ. ಇದೇ ಸರದಿ, ರಾತ್ರಿ ಪೂರ್ತಿ.

ಆಕಾಶದ ಎಣಿಕೆಯಲ್ಲಿ ಸೋಮಾರಿತನ ಮಾಡಿದರೆ ಎಚ್ ಬ್ಯಾಂಡ್ ಅದನ್ನು ಕ್ಷಮಿಸುವುದಿಲ್ಲ. ಮೇಲಿನ ವಾತಾವರಣದ ಹೈಡ್ರಾಕ್ಸಿಲ್ ಅಣುಗಳು ಅಲ್ಲಿ ತಾವೇ ಬೆಳಗುತ್ತವೆ, ಆ ಬೆಳಕು ಕೆಲವೇ ನಿಮಿಷದಲ್ಲಿ ಏರಿಳಿಯುತ್ತದೆ. ನೋವಾ ಕುಣಿಯಿತೋ ಆಕಾಶ ಕುಣಿಯಿತೋ ಗೊತ್ತಾಗುವುದೇ ಇಲ್ಲ. ಒಂದು ಸಮಾಧಾನ ಏನೆಂದರೆ, ಹುಣ್ಣಿಮೆ ಬೆಳಕು ಇಲ್ಲಿ ಅಷ್ಟು ಕಾಡುವುದಿಲ್ಲ. ಮೇ ತಿಂಗಳಲ್ಲಿ ಕುಂತಿ ಮೇಲೆ ಬರುವುದೇ ಬೆಳಗಿನ ಜಾವ ಅಲ್ವಾ, ಪೂರ್ವ ಬಿಳುಪಾಗಿ ಬೇರೆಯವರು ಸಾಮಾನು ಕಟ್ಟುವ ಹೊತ್ತಿನಲ್ಲೂ ನಾನು ಇನ್ನೊಂದು ಸುತ್ತು ಮುಗಿಸುತ್ತಿದ್ದೆ.

ಇಷ್ಟೆಲ್ಲ ಯಾಕೆ ಅಂದರೆ ದೂಳಿಗಾಗಿ. ನಿಧಾನದ ಕೆಲವು ನೋವಾಗಳು ಎಸೆದ ಅನಿಲ ತಣ್ಣಗಾದಾಗ ದೂಳು ಕಟ್ಟುತ್ತದೆ. 1934ರ ಡಿಕ್ಯು ಹರ್ ಎಂಬ ನೋವಾ ಕೆಲವು ತಿಂಗಳ ನಂತರ ಕಣ್ಣಿಗೆ ಹೆಚ್ಚೂಕಮ್ಮಿ ಮಾಯವೇ ಆಗಿತ್ತು. 1970ರ ಎಫ್‌ಎಚ್ ಸರ್ ನೋವಾದಲ್ಲಿ ಅದರ ಗುಟ್ಟು ಸಿಕ್ಕಿತು: ಕಣ್ಣಿಗೆ ಮಸುಕಾದಷ್ಟೂ ಇನ್ಫ್ರಾರೆಡ್‌ನಲ್ಲಿ ಹೊಳಪು ಏರಿತ್ತು. ದೂಳು ಬೆಳಕನ್ನು ನುಂಗಿ ಬಿಸಿಯಾಗಿ ಉಗುಳುತ್ತದೆ. 1000 ಕೆಲ್ವಿನ್‌ನ ದೂಳಿನ ಬೆಳಕು 2.9 ಮೈಕ್ರಾನಿನಲ್ಲಿ ತುದಿ ಮುಟ್ಟುತ್ತದೆ. ನನ್ನ ಹತ್ತಿರ ಅದಕ್ಕೆ ಇನ್ನೂ ಹತ್ತಿರದ, 2.2 ಮೈಕ್ರಾನಿನ ಕೆ ಬ್ಯಾಂಡ್ ಇಲ್ಲ, ಹಾಗಾಗಿ ಸುಳಿವು ಸಿಕ್ಕರೆ ಎಚ್‌ನಲ್ಲೇ ಸಿಗಬೇಕು.

ಒಂದು ರಾತ್ರಿ ಸಿಕ್ಕೇಬಿಟ್ಟಿತು! ಜೆ ಅಲ್ಲೇ ಇದೆ, ಎಚ್ ಮಾತ್ರ 0.2 ಮ್ಯಾಗ್ನಿಟ್ಯೂಡ್ ಜಾಸ್ತಿ ಹೊಳೆಯುತ್ತಿದೆ. ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ. ಮಧ್ಯಾಹ್ನ ನೋಟ್‌ಬುಕ್ ತೆಗೆದರೆ, ಆ ರಾತ್ರಿಯೇ ನಾನು ಹೋಲಿಕೆ ನಕ್ಷತ್ರ ಬದಲಾಯಿಸಿದ್ದೆ. ಹೊಸ ನಕ್ಷತ್ರ ಎಷ್ಟು ಪ್ರಖರ ಅಂದರೆ, ನಾನು ನೆಚ್ಚಿದ ಹೊಳಪಿನ ಪಟ್ಟಿ ಮಾಡಿದ ಆಕಾಶ ಸಮೀಕ್ಷೆಯವರು ಅಳೆದಾಗ ಅವರ ಡಿಟೆಕ್ಟರ್ ತುಂಬಿ ತುಳುಕಿತ್ತು. ಪಟ್ಟಿಯಲ್ಲಿ ಎಚ್ ಅಳತೆಯ ಪಕ್ಕದಲ್ಲೇ ದೋಷ 0.2 ಅಂತ ಬರೆದಿತ್ತು, ನಾನು ಆ ಕಾಲಂ ಕಡೆ ಕಣ್ಣೇ ಹಾಯಿಸಿರಲಿಲ್ಲ. ದೂಳೂ ಇಲ್ಲ, ಗೀಳೂ ಇಲ್ಲ. ಅಂದಿನಿಂದ ಪ್ರತಿ ರಾತ್ರಿ ಮೂರನೇ ನಕ್ಷತ್ರವೊಂದನ್ನೂ ಅಳೆಯುತ್ತೇನೆ. ತೀರಾ ಕೆಂಪು ದೈತ್ಯಗಳನ್ನು ಹೋಲಿಕೆಗೆ ಹತ್ತಿರ ಸೇರಿಸುವುದಿಲ್ಲ, ಅವುಗಳಲ್ಲಿ ಎಷ್ಟೋ ತಾವೇ ಏರಿಳಿಯುತ್ತಿರುತ್ತವೆ.

ಇನ್ನೊಂದು ಮಾತು. ಹೈಡ್ರೋಜನ್ನಿನ ಪಾಶ್ಚೆನ್ ಬೀಟಾ ರೇಖೆ 1.28 ಮೈಕ್ರಾನಿನಲ್ಲಿ, ಅಂದರೆ ಜೆ ಫಿಲ್ಟರಿನ ಒಳಗೇ ಬೀಳುತ್ತದೆ. ಆ ರೇಖೆ ಬಲವಾದಾಗ ನೋವಾ ಜೆಯಲ್ಲಿ ಇರುವುದಕ್ಕಿಂತ ಜಾಸ್ತಿ ಹೊಳೆದ ಹಾಗೆ ಕಾಣುತ್ತದೆ. ಹಾಗಾಗಿ ಬರೀ ಜೆ ಅಳತೆಯಿಂದ ಎಚ್ ಅಳತೆ ಕಳೆದು ತಾಪಮಾನ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಕೊನೆಯ ರಾತ್ರಿ ನೋವಾಕ್ಕೂ ಆಕಾಶಕ್ಕೂ ನಡುವೆ ಉಳಿದದ್ದು ಒಂಬತ್ತು ಎಣಿಕೆ, ಏರುಪೇರು ಹನ್ನೊಂದು. ‘ಇನ್ನು ಸಿಗುವುದಿಲ್ಲ’ ಅಂತ ಬರೆದು ದೂರದರ್ಶಕದ ಮುಚ್ಚಳ ಹಾಕಿದೆ.